ತಣ್ಣೀರಿನ ಬಕೆಟ್ಟು

ಮಾರ್ಚ್ 6

ಚಿಕ್ಕವಳಿಗೆ,

ನಾನು ಕ್ಷೇಮ, ನೀನು ಕ್ಷೇಮವೇ ಎಂದು ಶುರುವಾಗುವ ಪತ್ರವಲ್ಲ ಇದು. ನೀನು ಕ್ಷೇಮವಾಗಿಯೇ ಇರುತ್ತೀಯ. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಹಸಿರು ಬಾವುಟ ಆಡಿಸುವ ಗಾರ್ಡಮ್ಮನಿಗೆ ಏನಾಗಬೇಕು. ಅಮ್ಮ ಬರೆ ಎಂದಳು, ಬರೆಯುತ್ತಿದ್ದೇನೆ.

ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆವು. ಹೊರಡುವ ಹೊತ್ತಿಗೆ ಸರಿಯಾಗಿ ನಿನ್ನ ಫೋನು ಬಂತಲ್ಲ, ನಾನು ಕಾರಿಡಾರಿಗೆ ಹೋಗಿ ನಿಂತು ನಿನ್ನ ಬಾಯಲ್ಲಿ ಬೈಸಿಕೊಂಡೆನಲ್ಲ, ಅದು ಇಡೀ ವಾರ್ಡಿಗೆ ಕೇಳಿಸಿದೆ. ನಾನೂ ಬೈದೆ, ಇಲ್ಲ ಎನ್ನುವುದಿಲ್ಲ. ಪಕ್ಕದ ಮಂಚದ ಮುದುಕ ತನ್ನ ನೋವು ಮರೆತು ನಮ್ಮ ಜಗಳ ಕೇಳುತ್ತಿದ್ದನಂತೆ. ನಮ್ಮ ಲಾಂಡ್ರಿ ಅಂಗಡಿಯ ಮುಂದೆ ಟ್ಯಾಕ್ಸಿಯಿಂದ ಇಳಿಯುವಾಗ ಅಮ್ಮ ಹೇಳಿದಳು: “ಇನ್ಮೇಲೆ ನೀವಿಬ್ರೂ ಫೋನಲ್ಲಿ ಮಾತಾಡ್ಬೇಡಿ. ಏನ್ ಹೇಳೋದಿದ್ರೂ ಬರೀರಿ. ಬರೀಬೇಕಾದ್ರೆ ಒಂದ್ ಕಡೆ ಕೂತ್ಕೋಬೇಕು. ಕೂತ್ರೆ ಅರ್ಧ ಸಿಟ್ಟು ಇಳಿಯತ್ತೆ.” ನಾನು ಕೂತಿದ್ದೇನೆ. ಇಳಿದಿಲ್ಲ.

ಆಪರೇಷನ್ ಚೆನ್ನಾಗಿಯೇ ಆಗಿದೆ. ಮೀಸೆ ಮೂಡದ ಡಾಕ್ಟರು ಎಂದು ನೀನು ಆಡಿಕೊಂಡೆಯಲ್ಲ, ಅವನೇ ಕರುಳಿನ ಗಡ್ಡೆಯನ್ನು ಪೂರ್ತಿ ತೆಗೆದಿದ್ದಾನೆ. ಹೊಲಿಗೆ ಮಾಗಿದ ಮೇಲೆ, ತಿಂಗಳ ಕೊನೆಗೆ, ಕಿಮೋ ಶುರು ಮಾಡುತ್ತಾನಂತೆ. ಕ್ಯಾನ್ಸರ್ ಎಲ್ಲಾದರೂ ಒಂದಿಷ್ಟು ಉಳಿದುಕೊಂಡಿದ್ದರೆ ಅದನ್ನು ಸುಡುವುದಕ್ಕೆ ಅದೊಂದೇ ದಾರಿ, ತಡ ಮಾಡುವ ಹಾಗಿಲ್ಲ ಎಂದಿದ್ದಾನೆ. ನಿನ್ನ ಮಾತು ಕೇಳಿ ಆ ದೂರದ ರೈಲ್ವೆ ಆಸ್ಪತ್ರೆಗೆ ಅಷ್ಟು ರಕ್ತ ಹೋಗುತ್ತಿದ್ದವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಬರೆಯುವುದಿಲ್ಲ. ಇಲ್ಲೇ ಮಾಡಿಸೋಣ ಎಂದವಳು ನಾನು. ತೀರ್ಮಾನ ನನ್ನದು. ಸರಿಯಾಗಿಯೇ ಇದೆ.

ದೊಡ್ಡವಳು


ಮಾರ್ಚ್ 9

ಅಕ್ಕನಿಗೆ,

ಬಾವುಟದ ವಿಚಾರ ಮೊದಲು ಮುಗಿಸಿಬಿಡುತ್ತೇನೆ. ನಾನು ಕೂರುವ ಡಬ್ಬಿಯಲ್ಲಿ ಒಂದು ಮರದ ಬೆಂಚು, ಒಂದು ದೀಪ, ಅಷ್ಟೇ. ಮುಂದೆ ಸಿಮೆಂಟು ತುಂಬಿದ ವ್ಯಾಗನ್ನುಗಳು. ಎಂಜಿನ್ನಿನವನ ಮುಖ ನನಗೆ ಕಾಣುವುದಿಲ್ಲ, ಅವನಿಗೆ ನನ್ನದು ಕಾಣುವುದಿಲ್ಲ. ಬಯಲಿನಲ್ಲಿ ಗಾಡಿ ನಿಂತರೆ ಕಲ್ಲಿನ ಮೇಲೆ ನಡೆದು ಹೋಗಿ ಯಾಕೆ ನಿಂತಿತು ಎಂದು ನೋಡಬೇಕಾದವಳು ನಾನು. ಅರ್ಧ ದಾರಿಯಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ನಿನ್ನ ಪತ್ರ ಗಾರ್ಡುಗಳ ವಿಶ್ರಾಂತಿ ಕೋಣೆಯ ಖಾನೆಯಲ್ಲಿ ಬಿದ್ದಿರುತ್ತದೆ, ಡ್ಯೂಟಿ ಮುಗಿಸಿ ಬಂದಾಗ ಸಿಗುತ್ತದೆ. ಆ ಡಬ್ಬಿಯಲ್ಲಿ ಕಾಲು ಚಾಚುವುದಕ್ಕೂ ಜಾಗವಿಲ್ಲ.

ಆಪರೇಷನ್ ಆಗುವಾಗ ನಾನೂ ಅಲ್ಲಿದ್ದೆ ಎಂಬುದು ನಿನಗೆ ಮರೆತಂತಿದೆ. “ನೀನಿದ್ರೆ ಅಮ್ಮನ ಬಿಪಿ ಏರತ್ತೆ, ಹೊರಡು” ಎಂದು ಚೀಲ ಕೈಗೆ ಕೊಟ್ಟು ಕಳಿಸಿದವಳು ನೀನು. ಭಾನುವಾರ ಅಂಗಡಿಯ ಮೊಬೈಲಿಗೆ ಮಾಡಿ ಅಮ್ಮನಿಗೆ ಕೊಡಿಸಿದೆ. “ಚೆನ್ನಾಗಿದೀನಿ, ಇಡ್ತೀನಿ” ಎಂದಳು. ನೀನು ಪಕ್ಕದಲ್ಲಿ ಪೊಲೀಸಿನವಳ ಹಾಗೆ ನಿಂತಿರುವಾಗ ಇನ್ನೇನು ಹೇಳಿಯಾಳು.

ಈಗ ಕೇಳುತ್ತೇನೆ, ಸರಿಯಾಗಿ ಉತ್ತರ ಬರೆ. ಗಾಯ ಹೇಗಿದೆ? ಥರ್ಮಾಮೀಟರ್ ಇದೆಯೋ ಇಲ್ಲವೋ? ಹೊಟ್ಟೆ ಕೊಯ್ದವಳನ್ನು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಬಾಯ್ಲರಿನ ಗೋಡೆಗೆ ಒತ್ತಿಕೊಂಡ ಮಂಚದ ಮೇಲೇ ಮಲಗಿಸಿದ್ದೀಯಾ? ಅಲ್ಲಿ ಆರೋಗ್ಯವಾಗಿರುವವರೇ ಬೆಂದುಹೋಗುತ್ತಾರೆ.

ತೀರ್ಮಾನ ನನ್ನದು ಎಂದು ನಿನ್ನ ಕೈಯಾರೆ ಬರೆದುಕೊಟ್ಟಿದ್ದೀಯ. ಬಹಳ ಸಂತೋಷ. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಗಾಯ ಏನಾದರೂ ಕೆಟ್ಟರೆ ಅದನ್ನೇ ತಂದು ನಿನ್ನ ಮುಖಕ್ಕೆ ಹಿಡಿಯುತ್ತೇನೆ.

ಚಿಕ್ಕವಳು


ಮಾರ್ಚ್ 12

ಚಿಕ್ಕವಳಿಗೆ,

ಅಮ್ಮನಿಗೆ ಕನ್ನಡಕ ಹಾಕಿಕೊಂಡು ಓದುವಷ್ಟು ಹೊತ್ತು ಕೂರಲಾಗುವುದಿಲ್ಲ. ನಿನ್ನ ಪತ್ರ ಮೊನ್ನೆ ಬಂದ ಕೂಡಲೇ ನಾನೇ ಓದಿ ಹೇಳಿದೆ, ಒಂದಕ್ಷರ ಬಿಡದೆ. ಮುಖಕ್ಕೆ ಹಿಡಿಯುತ್ತೇನೆ ಎಂಬ ಸಾಲನ್ನು ಎರಡು ಸಲ ಓದಿದೆ, ತನ್ನ ಮುದ್ದಿನ ಮಗಳು ಎಂಥವಳು ಎಂದು ಅವಳಿಗೂ ಗೊತ್ತಾಗಲಿ ಎಂದು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನಿನಗೆ ತೃಪ್ತಿಯಾಯಿತೇ?

ಥರ್ಮಾಮೀಟರ್ ಇಲ್ಲ. ಬೇಕಾಗಿಯೂ ಇಲ್ಲ. ಇಸ್ತ್ರಿ ರೇಷ್ಮೆಗೆ ಕಾದಿದೆಯೋ ಹತ್ತಿಗೆ ಕಾದಿದೆಯೋ ಎಂದು ಅಂಗೈ ಹಿಡಿದು ಹೇಳುವ ಮನೆ ಇದು. ದಿನಾ ಹಣೆ ಮುಟ್ಟಿ ನೋಡುತ್ತೇನೆ. ಒಂದಿಷ್ಟು ಬೆಚ್ಚಗಿರುತ್ತದೆ, ಆ ಕೋಣೆಯಲ್ಲಿ ಯಾರ ಹಣೆ ತಣ್ಣಗಿರುತ್ತದೆ? ಬೇರೆ ಕೋಣೆ ಎಲ್ಲಿದೆ ಎಂದು ನೀನೇ ಹೇಳು. ಮುಂದಿನದು ಅಂಗಡಿ, ಮೇಲಿನದು ಮೆಟ್ಟಿಲು ಹತ್ತಿ ಹೋಗಬೇಕು.

ಇನ್ನೊಂದು ಸುದ್ದಿ ಇದೆ, ಓದಿ ಹೊಟ್ಟೆ ಉರಿದುಕೊ. ಅಮ್ಮ ಎದ್ದು ಓಡಾಡುತ್ತಿದ್ದಾಳೆ. ನಿನ್ನೆ, ಇವತ್ತು, ಎರಡೂ ದಿನ ನಾನು ಏಳುವಷ್ಟರಲ್ಲಿ ತನ್ನ ನೈಟಿಯನ್ನು ತಾನೇ ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದ್ದಳು. ಗಾಯದ ಪಟ್ಟಿಯನ್ನೂ ತಾನೇ ಬದಲಿಸಿಕೊಳ್ಳುತ್ತಾಳೆ. ನಾನು ಮುಟ್ಟಲು ಹೋದರೆ, “ನಿನ್ ಕೈ ಉಪ್ಪುಕಾಗದ ಇದ್ದಂಗಿದೆ, ಬಿಡೇ” ಎನ್ನುತ್ತಾಳೆ. ಎದುರಿನ ಬೀಗ ರಿಪೇರಿಯವನು ನೋಡಿ, “ನಿಮ್ಮಮ್ಮಂಗೆ ಆಪರೇಷನ್ ಆಯ್ತೋ ನಿಂಗಾಯ್ತೋ, ನೀನೇ ಸೊರಗಿದೀಯಲ್ಲ” ಎಂದ. ಮೀಸೆ ಮೂಡದವನು ಮಾಡಿದ ಕೆಲಸ ಹೇಗಿದೆ ನೋಡು.

ದೊಡ್ಡವಳು


ಮಾರ್ಚ್ 15

ಅಕ್ಕನಿಗೆ,

ನಿನ್ನ ಪತ್ರ ಓದಿ ನನಗೆ ಮೈ ಉರಿದುಹೋಯಿತು. ಹೊಟ್ಟೆಯನ್ನು ಮೇಲಿಂದ ಕೆಳಗೆ ಸೀಳಿ ಹೊಲಿದ ಹೆಂಗಸಿನ ಕೈಯಲ್ಲಿ ಬಟ್ಟೆ ಒಗೆಸುತ್ತಿದ್ದೀಯ. ಅದನ್ನು ಹೆಮ್ಮೆಯಿಂದ ಬರೆದೂ ಇದ್ದೀಯ. ಊರವರ ಹಾಸಿಗೆ ಹೊದಿಕೆಯೆಲ್ಲ ಒಗೆಯುವ ಅಂಗಡಿ ನಿನ್ನದು. ಹೋಟೆಲಿನವರದ್ದು ಗಾಡಿಗಟ್ಟಲೆ ಬರುತ್ತದೆ, ಅವರ ಟವೆಲ್ಲುಗಳಿಗೆಲ್ಲ ನಿನ್ನ ಯಂತ್ರದಲ್ಲಿ ಜಾಗ ಇದೆ. ಹೆತ್ತವಳ ಒಂದು ನೈಟಿಗೆ ಇಲ್ಲ.

ನನಗೆ ನೀನು ಹೊಸಬಳಲ್ಲ. ಚಿಕ್ಕಂದಿನಲ್ಲೂ ಹೀಗೆಯೇ. ಅಮ್ಮ ಮಾಡಿದ ಕೆಲಸವನ್ನು ನಾನು ಮಾಡಿಸಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅವಳು ನೋವು ನುಂಗಿಕೊಂಡು ಏಳುವುದನ್ನೂ ನಿನ್ನ ಡಾಕ್ಟರಿನ ಗೆಲುವು ಎಂದು ಬರೆಯುತ್ತೀಯ. ನೀನು ಎದ್ದು ಒಗೆಯುವುದಿಲ್ಲ ಎಂದು ಗೊತ್ತಿರುವುದರಿಂದ ಅವಳು ಎದ್ದು ಒಗೆಯುತ್ತಾಳೆ. ಅಷ್ಟೇ ಅದರ ಅರ್ಥ.

ರಜೆ ಕೇಳಿದ್ದೇನೆ. ಆಪರೇಷನ್ನಿಗೆಂದು ಇದ್ದದ್ದೆಲ್ಲ ಆಗಲೇ ಕಳೆದಿದ್ದೇನೆ, ಮುಂದಿನ ತಿಂಗಳು ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ದಯವಿಟ್ಟು ಅವಳನ್ನು ಕೊಲ್ಲಬೇಡ.

ಚಿಕ್ಕವಳು


ಮಾರ್ಚ್ 17

ನಿನಗೆ,

ಕೊಲ್ಲಬೇಡ ಎಂದು ಬರೆದಿದ್ದೀಯ. ಇದನ್ನು ನಾನು ಅಮ್ಮನಿಗೆ ಓದಲಿಲ್ಲ. ನಾನು ಸಾಯುವವರೆಗೂ ಮರೆಯುವುದೂ ಇಲ್ಲ.

ಕೇಳು. ಇವತ್ತು ಬೇಗ ಎದ್ದು ಅಮ್ಮನಿಗಿಂತ ಮೊದಲು ಒಗೆಯುವ ಕಟ್ಟೆಗೆ ಹೋದೆ. ಅವಳಾಗಲೇ ಅಲ್ಲಿದ್ದಳು. ಗೋಡೆಗೆ ಒರಗಿ ಕೂತು ಬಕೆಟ್ಟಿನಲ್ಲಿ ಕೈ ಅದ್ದಿಕೊಂಡಿದ್ದಳು. ಕೊಡು ಎಂದರೆ ಕೊಡಲಿಲ್ಲ, ನೈಟಿಯನ್ನು ಎದೆಗೆ ಅವುಚಿಕೊಂಡಳು. ಹೋಗಲಿ, ಬಿಸಿನೀರಾದರೂ ಹಾಕಿಕೊ ಎಂದು ಬಾಯ್ಲರಿನಿಂದ ಹಿಡಿದು ತಂದು ಸುರಿದೆ. ಅಷ್ಟನ್ನೂ ಮೋರಿಗೆ ಚೆಲ್ಲಿ ಮತ್ತೆ ತಣ್ಣೀರು ತುಂಬಿಸಿಕೊಂಡಳು. ಒಂದು ಮುಷ್ಟಿ ಉಪ್ಪು ಬೇರೆ ಹಾಕಿಕೊಂಡಳು. “ತಣ್ಣೀರೇ ಹಿತ ಕಣೇ, ಕೈ ಉರಿಯತ್ತೆ” ಎಂದಳು. ಕೈ ಉರಿಯುತ್ತದೆ ಎನ್ನುವವಳು ಭುಜದ ಮೇಲೆ ಶಾಲು ಹೊದ್ದುಕೊಂಡಿದ್ದಳು, ಬಾಯ್ಲರಿನ ಪಕ್ಕದಲ್ಲಿ, ಹಲ್ಲು ಕಟಕಟ ಅನ್ನುತ್ತಿತ್ತು. ನಿನ್ನ ಹಟವೆಲ್ಲ ಎಲ್ಲಿಂದ ಬಂತೆಂದು ಇವತ್ತು ತಿಳಿಯಿತು. ಊಟವನ್ನೂ ಸರಿಯಾಗಿ ಮಾಡುವುದಿಲ್ಲ. ಕೇಳಿದರೆ ಹಸಿವಿಲ್ಲ ಎನ್ನುತ್ತಾಳೆ. ನಿನ್ನೆ ನನ್ನನ್ನು ನಿನ್ನ ಹೆಸರು ಹಿಡಿದು ಕರೆದಳು. ನನಗೆ ಅದೂ ಬೇಕಾಗಿತ್ತು.

ನಾನು ಅವಳ ಕೈಯಲ್ಲಿ ಒಗೆಸುತ್ತಿಲ್ಲ. ಅವಳ ಕೈಯಿಂದ ಕಿತ್ತುಕೊಳ್ಳಲು ನನಗಾಗುತ್ತಿಲ್ಲ. ನಿನಗೆ ಆಗುವುದಾದರೆ ಗಾಡಿಯಿಂದ ಇಳಿದು ಬಾ.

ಫೋನು ಮಾತ್ರ ಮಾಡಬೇಡ. ನಿನ್ನ ನಂಬರು ಕಂಡರೆ ನಾನು ಎತ್ತುವುದಿಲ್ಲ. ಭಾನುವಾರದ ಮಾತೂ ಬೇಡ, ಅಮ್ಮ ಎದ್ದು ಕೂತು ಮಾತಾಡುವ ಸ್ಥಿತಿಯಲ್ಲಿಲ್ಲ, ಸುಸ್ತು ಎನ್ನುತ್ತಾಳೆ.

ದೊಡ್ಡವಳು


ಮಾರ್ಚ್ 20, ಗಾಡಿಯಲ್ಲಿ

ಅಕ್ಕನಿಗೆ,

ಗಾಡಿ ಹತ್ತುವ ಮುಂಚೆ ನಿನ್ನ ಪತ್ರ ಸಿಕ್ಕಿತು. ಹೊರಟ ಮೇಲೆ ಓದಿದೆ. ಎತ್ತುವುದಿಲ್ಲವಂತೆ. ಫೋನು ಅಂಗಡಿಯದ್ದು, ಅಂಗಡಿ ಅಮ್ಮನದ್ದು. ಬೋರ್ಡಿನ ಮೇಲೆ ಇವತ್ತಿಗೂ ಅವಳ ಹೆಸರೇ ಇದೆ. ನೀನು ಯಾವಾಗ ಯಜಮಾನಿಯಾದೆ ಎಂದು ನನಗೆ ಯಾರೂ ತಿಳಿಸಲಿಲ್ಲ. ಅಮ್ಮ ಸುಸ್ತಾಗಿ ಮಲಗಿದ್ದಾಳೆ, ಆದರೆ ಬೆಳಗಾಗುವ ಮೊದಲೇ ಎದ್ದು ಒಗೆಯುತ್ತಾಳೆ. ಇವೆರಡನ್ನೂ ಒಂದೇ ಪತ್ರದಲ್ಲಿ ಬರೆಯಲು ನಿನಗೆ ನಾಚಿಕೆಯಾಗಬೇಕಿತ್ತು. ಬಿಸಿನೀರು ಕೊಟ್ಟೆ ಎಂದು ದೊಡ್ಡ ಉಪಕಾರ ಮಾಡಿದ ಹಾಗೆ ಬರೆದಿದ್ದೀಯ, ಅವಳು ಬೇಡ ಎಂದರೆ

ಅಕ್ಕ, ತಣ್ಣೀರು ಯಾಕೆ?

ಅಮ್ಮ ನಮಗೆ ಓದು ಬರಹ ಬರುವುದಕ್ಕೆ ಮೊದಲೇ ಕಲಿಸಿದ್ದು. ಬೆವರಾದರೆ ಬಿಸಿನೀರು, ಜಿಡ್ಡಾದರೆ ಬಿಸಿನೀರು. ರಕ್ತ, ಕೀವು, ಮೈಯಿಂದ ಒಸರಿದ್ದು ಯಾವುದಾದರೂ ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಬೇಕು, ಬಿಸಿ ತಾಕಿದರೆ ಕಲೆ ಕೂತುಬಿಡುತ್ತದೆ. ನಾನೊಮ್ಮೆ ಬಿಸಿನೀರಿಗೆ ಹಾಕಿ ಕಟುಕನ ಏಪ್ರನ್ ಹಾಳು ಮಾಡಿದ್ದಕ್ಕೆ ನನ್ನ ಕಿವಿ ಹಿಂಡಿದ್ದಳು. ಅವಳು ನೈಟಿ ಒಗೆಯುತ್ತಿಲ್ಲ. ನೈಟಿಯ ಮೇಲೆ ಬಿದ್ದದ್ದನ್ನು ತೆಗೆಯುತ್ತಿದ್ದಾಳೆ. ನೀನು ಏಳುವ ಮೊದಲು. ಅದಕ್ಕೇ ಪಟ್ಟಿ ಮುಟ್ಟಲು ಬಿಡುತ್ತಿಲ್ಲ. ಬಾಯ್ಲರಿನ ಪಕ್ಕದಲ್ಲಿ ನಡುಕ ಬಂದದ್ದು ಜ್ವರ, ಅಕ್ಕ. ನಿನ್ನನ್ನು ನನ್ನ ಹೆಸರಿನಿಂದ ಕರೆದದ್ದೂ ನನ್ನ ಮೇಲಿನ ಪ್ರೀತಿಯಿಂದಲ್ಲ.

ಇಲ್ಲಿ ಸಿಗ್ನಲ್ ಇಲ್ಲ. ಸುತ್ತ ಬಯಲು. ಎಂಜಿನ್ನಿನವನಿಗೆ ವಾಕಿಟಾಕಿಯಲ್ಲಿ ಹೇಳಿದೆ, ಅವನು ಏನೂ ಕೇಳಲಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ನಿಲ್ಲಿಸುತ್ತೇನೆ ಎಂದ.

ಸಂಜೆ. ಮುಂದಿನ ಸ್ಟೇಷನ್ನಿನಿಂದ ಬರೆಯುತ್ತಿದ್ದೇನೆ. ಅಂಗಡಿಗೆ ಫೋನು ಮಾಡಿದೆ. ರಿಂಗಾಯಿತು. ಮತ್ತೆ ಮಾಡಿದೆ. ಕಟ್ ಮಾಡಿದೆ ನೀನು. ಹುಡುಕಿ ಹುಡುಕಿ ಬೀಗದವನ ನಂಬರು ಹಿಡಿದೆ. ಅವನು ಫೋನನ್ನು ಹಿಡಿದುಕೊಂಡೇ ರಸ್ತೆ ದಾಟಿದ. ನೀನು ಅವನಿಗೆ ಏನೆಂದೆ ಎಂಬುದು ನನಗೂ ಕೇಳಿಸಿತು. ಆಮೇಲೆ ಫೋನು ಯಾವುದೋ ಮೇಜಿನ ಮೇಲೆ ಬಿತ್ತು. ಆಮೇಲೆ ನಿನ್ನ ದನಿ, ಹಿಂದಿನ ಕೋಣೆಯಿಂದ. ಆಮೇಲೆ ಏನೂ ಇಲ್ಲ.

ಪತ್ರ ಪೋಸ್ಟ್ ಮಾಡುತ್ತಿದ್ದೇನೆ. ಇನ್ನೇನು ಮಾಡಬೇಕೆಂದು ಗೊತ್ತಾಗುತ್ತಿಲ್ಲ.

ಚಿಕ್ಕವಳು


ಮಾರ್ಚ್ 24

ಚಿಕ್ಕವಳಿಗೆ,

ಬೀಗದವನು ನಿನಗೆ ದಿನಾ ಸುದ್ದಿ ಕೊಡುತ್ತಿದ್ದಾನೆ, ನನಗೆ ಗೊತ್ತು. ಅವನು ಹೇಳದ್ದನ್ನು ಬರೆಯುತ್ತೇನೆ.

ಅವನು ಫೋನು ಚಾಚಿಕೊಂಡು ಬಂದಾಗ, ಅವಳ ಚಾಡಿ ಹೊರೋಕೆ ನಿಮಗೆ ಸಂಬಳ ಕೊಡ್ತಾಳಾ ಎಂದು ಕೇಳಿದೆ. ನೀನು ಕೇಳಿಸಿಕೊಂಡಿದ್ದು ಅದೇ. ಅವನು ಮುಖ ಕೆಂಪಗೆ ಮಾಡಿಕೊಂಡು, “ಬೈಯೋದು ಆಮೇಲೆ ಬೈಯಮ್ಮ. ಮೊದಲು ನಿಮ್ಮಮ್ಮನ ಹೊಟ್ಟೆ ನೋಡು ಅಂತಿದಾಳೆ ಅವಳು, ಕೀವು ಅಂತಿದಾಳೆ” ಎಂದ. ಅಷ್ಟು ಕೇಳಿದ್ದೇ ತಣ್ಣೀರಿನ ಬಕೆಟ್ಟು ನನ್ನ ಕಣ್ಣ ಮುಂದೆ ಬಂತು. ಹುಟ್ಟಿದಾಗಿನಿಂದ ಈ ಅಂಗಡಿಯಲ್ಲಿ ಇರುವವಳು ನಾನು. ಬಿಟ್ಟುಹೋದವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. ನಿನಗೆ ಏನು ಉತ್ತರ ಬರೆಯಲಿ ಎಂದು ಯೋಚಿಸುತ್ತ ನಿಂತಿದ್ದೆ ಆ ಕಟ್ಟೆಯ ಹತ್ತಿರ, ಅವಳ ಬಕೆಟ್ಟನ್ನು ನೋಡುತ್ತಲೇ.

ಹೊದಿಕೆ ತೆಗೆದೆ. ಬೇಡ ಕಣೇ ಎಂದಳು, ಕೈ ಹಿಡಿದುಕೊಂಡಳು, ಹಿಡಿತದಲ್ಲಿ ಬಲವೇ ಇರಲಿಲ್ಲ. ಪಟ್ಟಿಯ ಮೇಲೆ ಪಟ್ಟಿ, ಅದರ ಮೇಲೆ ಹೋಟೆಲಿನವರ ಹಳೆಯ ಕರವಸ್ತ್ರ ಮಡಿಸಿ ಕಟ್ಟಿಕೊಂಡಿದ್ದಳು. ಬಿಚ್ಚಿದಾಗ ಬಂದ ವಾಸನೆಗೆ ಬೀಗದವನು ಬಾಗಿಲಿನಿಂದ ಹಿಂದೆ ಸರಿದ. ಇಷ್ಟು ದಿನ ಅದು ನನಗೆ ಬರಲಿಲ್ಲ ಏಕೆಂದರೆ ಆ ಮಂಚದ ಕೆಳಗೆ ಬ್ಲೀಚಿನ ಡಬ್ಬದ ಮುಚ್ಚಳ ತೆಗೆದಿಟ್ಟುಕೊಂಡಿದ್ದಳು. ಹೊಲಿಗೆಯ ಕೆಳಭಾಗ ಬಿಟ್ಟುಕೊಂಡಿತ್ತು. ಸುತ್ತ ಕೆಂಪು, ಪಕ್ಕೆಯವರೆಗೆ ಹರಡಿತ್ತು, ಮುಟ್ಟಿದರೆ ಕಾದ ಇಸ್ತ್ರಿಯ ಹಾಗಿತ್ತು. ನನ್ನ ಅಂಗೈಗೂ ಆಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಗಾಯವನ್ನು ಮತ್ತೆ ತೆರೆದು ತೊಳೆದರು. ಸೋಂಕು ರಕ್ತಕ್ಕೆ ಇಳಿದಿದೆ, ಇನ್ನೊಂದು ದಿನ ತಡವಾಗಿದ್ದರೆ ಭರವಸೆ ಇರಲಿಲ್ಲ ಎಂದರು. ಮೂತ್ರವೂ ಸರಿಯಾಗಿ ಹೋಗಿರಲಿಲ್ಲವಂತೆ ಎರಡು ದಿನದಿಂದ. ಮೀಸೆ ಮೂಡದವನು ನನ್ನನ್ನು ಪಕ್ಕಕ್ಕೆ ಕರೆದು, “ಮನೆಗೆ ಹೋಗೋ ದಿನ ನರ್ಸ್ ಎಲ್ಲಾ ಹೇಳಿದ್ರಲ್ಲ, ಚಳಿಜ್ವರ ಬಂದ್ರೆ, ಕೆಂಪಾದ್ರೆ, ಕೀವು ಬಂದ್ರೆ, ನೋವು ಕಮ್ಮಿ ಆಗೋ ಬದ್ಲು ಜಾಸ್ತಿ ಆದ್ರೆ ಕಾಯ್ಬೇಡಿ ಅಂತ. ಒಂದೂ ನೋಡ್ಲಿಲ್ವಾ ನೀವು?” ಎಂದ. ನನಗೆ ಯಾರೂ ಹೇಳಿಲ್ಲ ಎಂದು ಅವನ ಮೇಲೆ ಹಾರಿಬಿದ್ದೆ. ನರ್ಸನ್ನು ಕರೆಸಿದರು. ಅವಳಿಗೆ ಚೆನ್ನಾಗಿ ನೆನಪಿದೆ. “ನೀವು ಕಾರಿಡಾರಲ್ಲಿ ಯಾರನ್ನೋ ಬೈತಾ ಇದ್ರಿ. ಕಾಯ್ದೆ. ನೀವು ಮುಗಿಸ್ಲಿಲ್ಲ. ಅಮ್ಮ, ‘ನಂಗೇ ಹೇಳಮ್ಮ, ನಾನ್ ನೋಡ್ಕೋತೀನಿ’ ಅಂದ್ರು” ಎಂದಳು.

ಅಮ್ಮನಿಗೆ ಎಲ್ಲ ಗೊತ್ತಿತ್ತು. ಯಾವುದನ್ನು ನೋಡಬೇಕು ಎಂದು ಗೊತ್ತಿದ್ದದ್ದರಿಂದ ಯಾವುದನ್ನು ಮುಚ್ಚಬೇಕು ಎಂದೂ ಗೊತ್ತಿತ್ತು.

ಇವತ್ತು ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. “ಗಾಯ ಕೆಟ್ರೆ ಮುಖಕ್ಕೆ ಹಿಡೀತೀನಿ ಅಂತ ಬರ್ದಿದ್ಲಲ್ಲ ಚಿಕ್ಕವಳು. ನೀನು ಎರಡೆರಡು ಸಲ ಓದ್ದೆ. ಹಿಡಿಯೋಕೆ ಏನೂ ಇಲ್ದಂಗೆ ಮಾಡೋಣ ಅಂದ್ಕೊಂಡೆ. ಎಷ್ಟೋ ಕಲೆ ತೆಗ್ದಿದೀನಿ, ಇದೂ ಹೋಗತ್ತೆ ಅಂದ್ಕೊಂಡೆ” ಎಂದಳು.

ಮನೆಗೆ ಬಂದು ತಂತಿಯ ಮೇಲಿದ್ದ ನೈಟಿ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಹೊರಗೆ ಎಲ್ಲ ಹುಡುಕಿದೆ. ಒಂದು ಚುಕ್ಕೆಯೂ ಇಲ್ಲ, ಅಷ್ಟು ಚೆನ್ನಾಗಿ ಒಗೆದಿದ್ದಾಳೆ.

ದೊಡ್ಡವಳು


ಮಾರ್ಚ್ 28

ಅಕ್ಕನಿಗೆ,

ನಿನ್ನ ಪತ್ರವನ್ನು ಬೆಂಚಿನ ಮೇಲೆ ಇಟ್ಟು ಮತ್ತೆ ಮತ್ತೆ ಓದಿದೆ. ಸಮಾಧಾನ ಹೇಳಲಿ ಎಂದು ನೀನು ಕಾಯುತ್ತಿದ್ದರೆ ನನ್ನ ಹತ್ತಿರ ಇಲ್ಲ. ಫೋನು ಕಟ್ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಬೀಗದವನು ಆ ಹೊತ್ತಿಗೆ ಅಂಗಡಿ ಮುಚ್ಚಿ ಹೋಗಿದ್ದರೆ ಇವತ್ತು ನಾವು ಯಾವ ಪತ್ರ ಬರೆಯುತ್ತಿದ್ದೆವು ಎಂದು ಯೋಚಿಸಿದರೆ ನಿನ್ನ ಜುಟ್ಟು ಹಿಡಿದು ಗೋಡೆಗೆ ಗುದ್ದಬೇಕು ಎನಿಸುತ್ತದೆ.

ಆದರೆ ನೀನು ಕಾರಿಡಾರಿನಲ್ಲಿ ಬೈಯುತ್ತಿದ್ದದ್ದು ಯಾರನ್ನು ಎಂದು ಆ ನರ್ಸಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ನಿನಗೆ ಎರಡು ಸಲ ಓದಲು ಸಾಲು ಬರೆದುಕೊಟ್ಟವಳು ಯಾರು ಎಂಬುದೂ ಗೊತ್ತಿದೆ. ನೀನು ಅದನ್ನು ಬರೆಯಲಿಲ್ಲ. ಬರೆಯುತ್ತೀಯ ಎಂದು ಪತ್ರದ ಕೊನೆಯವರೆಗೂ ಹಲ್ಲು ಕಚ್ಚಿಕೊಂಡು ಓದಿದೆ. ಬರೆದಿದ್ದರೆ ನಿನ್ನ ಜೊತೆ ಜಗಳವಾಡುವುದು ಸುಲಭವಾಗುತ್ತಿತ್ತು.

ಜೋಪಾನವಾಗಿಟ್ಟಿದ್ದ ಆ ಕಾಗದವನ್ನು ಡಬ್ಬಿಯ ಕಿಟಕಿಯಿಂದ ಹೊರಗೆ ಬಿಟ್ಟೆ. ನಿನ್ನ ಮೇಲಿನ ಕನಿಕರಕ್ಕಲ್ಲ. ಅದು ಜೇಬಿನಲ್ಲಿದ್ದರೆ ಅಮ್ಮನ ಮುಖ ನೋಡಲು ನನಗಾಗುವುದಿಲ್ಲ.

ರಜೆ ಸಿಕ್ಕಿದೆ. ಎಂಟನೇ ತಾರೀಕು ಬರುತ್ತೇನೆ. ಕಿಮೋ ವಿಚಾರ ಡಾಕ್ಟರು ಏನು ಹೇಳಿದ? ತಿರುಚದೆ ಬರೆ.

ಚಿಕ್ಕವಳು


ಏಪ್ರಿಲ್ 3

ಚಿಕ್ಕವಳಿಗೆ,

ಮೂರು ದಿನದ ಹಿಂದೆ ಅಮ್ಮನನ್ನು ಮನೆಗೆ ಕರೆತಂದೆ. ಮಂಚವನ್ನು ಮುಂದಿನ ಅಂಗಡಿಗೇ ಹಾಕಿದ್ದೇನೆ, ಕೌಂಟರಿನ ಪಕ್ಕಕ್ಕೆ, ಕಿಟಕಿಯ ಗಾಳಿಗೆ. ಗಿರಾಕಿಗಳು ಬಟ್ಟೆ ಕೊಡಲು ಬಂದರೆ ಅವಳನ್ನೂ ನೋಡಿಕೊಂಡು ಹೋಗುತ್ತಾರೆ. ಹೋಟೆಲಿನವನು ಮೂಗು ಮುರಿದ. ಬೇರೆ ಲಾಂಡ್ರಿ ಹುಡುಕಿಕೊ ಎಂದೆ. ಬೀಗದವನ ಕ್ಷಮೆ ಕೇಳಿದೆ. “ನಿಮ್ಮಿಬ್ರ ಮಧ್ಯೆ ರಸ್ತೆ ದಾಟೋದಕ್ಕಿಂತ ಲಾರಿಗೆ ಅಡ್ಡ ಹೋಗೋದು ವಾಸಿ” ಎಂದ.

ಹೊರಡುವಾಗ ಅದೇ ನರ್ಸು. ನಾನು ಅಂಗಡಿಯ ಫೋನನ್ನು ಆರಿಸಿ ಚೀಲದೊಳಗೆ ಹಾಕಿ ಅವಳ ಮುಂದೆ ಕೂತೆ. ಅವಳು ಹೇಳಿದ್ದನ್ನೆಲ್ಲ ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ತಿರುಗಿ ಒಪ್ಪಿಸಿದೆ. ಒಂದು ಬಿಟ್ಟಿದ್ದೆ, ಮಂಪರು ಬಂದು ಮಾತು ತಪ್ಪುವುದು. ಅಮ್ಮ ಮಂಚದಿಂದಲೇ ತಿದ್ದಿದಳು. ಥರ್ಮಾಮೀಟರ್ ಕೊಂಡಿದ್ದೇನೆ. ಗಾಯವನ್ನು ಹೊಲಿದಿಲ್ಲ, ತೆರೆದೇ ಇಟ್ಟಿದ್ದಾರೆ, ಒಳಗಿನಿಂದ ಮಾಗಿಕೊಂಡು ಬರಬೇಕಂತೆ. ದಿನಾ ಒಬ್ಬಳು ನರ್ಸು ಬಂದು ಪಟ್ಟಿ ಬದಲಿಸುತ್ತಾಳೆ. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಮೊದಲ ದಿನ ತಲೆ ಸುತ್ತಿತು.

ಕಿಮೋ ಮುಂದಕ್ಕೆ ಹೋಗಿದೆ. ಇದು ಮಾಗುವವರೆಗೆ ಕೊಡುವ ಹಾಗಿಲ್ಲ. ತಡವಾದರೆ ಏನಾಗುತ್ತದೆ ಎಂದು ಕೇಳಿದೆ. ಆ ಹುಡುಗ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. “ಏನೂ ಆಗದೆ ಇರಬಹುದು. ಆಗಲೂಬಹುದು. ಈಗ ಹೇಳೋಕಾಗಲ್ಲ” ಎಂದ. ತಿರುಚದೆ ಬರೆ ಎಂದೆಯಲ್ಲ, ಇದು ಅವನು ಹೇಳಿದ ಹಾಗೆಯೇ ಇದೆ. ಈ ತಡ ಯಾರಿಂದ ಆಯಿತು ಎಂದು ನಾವಿಬ್ಬರೂ ಜೀವನಪೂರ್ತಿ ಜಗಳವಾಡಬಹುದು, ನಮಗೆ ಬೇಕಾದಷ್ಟು ಹೊತ್ತಿದೆ. ಅಮ್ಮನಿಗೆ ಎಷ್ಟಿದೆಯೋ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಅವಳ ನೈಟಿ ಒಗೆದೆ. ತಣ್ಣೀರು, ಉಪ್ಪು, ಎಲ್ಲ ಹಾಕಿದೆ, ಆದರೆ ಪೂರ್ತಿ ಉಜ್ಜಲಿಲ್ಲ. ಹೊಟ್ಟೆಯ ಹತ್ತಿರ ಅಂಗೈಯಗಲದ ಹಳದಿ ಕಲೆಯನ್ನು ಹಾಗೇ ಬಿಟ್ಟೆ. ಹಿತ್ತಲಲ್ಲಿ ಹಾಕಲಿಲ್ಲ. ಅಂಗಡಿಯ ಮುಂದೆ, ಬೋರ್ಡಿನ ಕೆಳಗೆ, ರಸ್ತೆಗೆ ಕಾಣುವ ತಂತಿಯ ಮೇಲೆ ಹಾಕಿದೆ. ಅಮ್ಮ ಕಿಟಕಿಯಿಂದ ನೋಡಿದಳು. ಆಸ್ಪತ್ರೆಗೆ ಹೋದಾಗಿನಿಂದ ಪಿಸುದನಿಯಲ್ಲಿ ಮಾತಾಡುತ್ತಿದ್ದವಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: “ಇಳಿಸೇ ಅದನ್ನ. ನನ್ ಅಂಗಡಿ ಮುಂದೆ ಕಲೆ ಬಟ್ಟೆ ಹಾಕ್ತೀಯಾ, ಮಾನ ಮರ್ಯಾದೆ ಇಲ್ವಾ ನಿಂಗೆ?” ಬೀಗದವನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತ.

ಇಳಿಸಿಲ್ಲ. ನೀನು ಎಂಟನೇ ತಾರೀಕು ಬಂದು ನೋಡುವವರೆಗೂ ಅಲ್ಲೇ ಇರುತ್ತದೆ. ನೋಡಿದ ಮೇಲೆ ನನ್ನನ್ನು ಬೈಯುವುದಿದ್ದರೆ ರಸ್ತೆಯ ಆ ಕಡೆ ಹೋಗಿ ಬೈ, ನಾನೂ ಬರುತ್ತೇನೆ. ಅಮ್ಮನಿಗೆ ಕೇಳಿಸಬಾರದು.

ದೊಡ್ಡವಳು